ಮಿಲ್ಲಜ್ಜನ ಊರಿಗೆ ಹೊಳೆ ಬಂದದ್ದು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಬೆಕ್ಕು ಬರುತ್ತದೆ. ನನ್ನ ಟೈಪಿಂಗ್ ಕ್ಲಾಸಿಗೆ ಇಂಥ ಪ್ರಸಂಗಗಳು ಬರುತ್ತಿದ್ದವು. ನಾನಾಗಿ ಕರೆದದ್ದಿಲ್ಲ, ಬಾಗಿಲು ತೆಗೆದಿರುತ್ತಿತ್ತು ಅಷ್ಟೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾವಣಗೆರೆಯ ವಿನೋಬನಗರದಲ್ಲಿ ಒಂದು ಮಹಡಿ ಮನೆ, ಅದರ ಕೆಳಗಿನ ಕೋಣೆ. ಆರು ಟೈಪ್‌ರೈಟರು, ಒಂದು ಕಂಪ್ಯೂಟರು. ಬೆಳಗ್ಗೆ, ಸಂಜೆ ಹುಡುಗಿಯರು ಬಂದು ಟಕಟಕ ಕುಟ್ಟಿ ಹೋಗುತ್ತಿದ್ದರು. ಮಧ್ಯಾಹ್ನ ಕೋಣೆ ಖಾಲಿ. ಆ ಹೊತ್ತಿನಲ್ಲಿ ಕಂಪ್ಯೂಟರನ್ನು ಆಟಕ್ಕೆ ಬಾಡಿಗೆಗೆ ಬಿಡುತ್ತಿದ್ದೆ.

ಇದ್ದದ್ದು ಒಂದೇ ಆಟ, ಊರು ಕಟ್ಟುವ ಆಟ. ಪರದೆಯ ಮೇಲೆ ಹಸಿರು ಬಯಲು ಬರುತ್ತದೆ. ಅದರಲ್ಲಿ ನಾವು ರಸ್ತೆ ಎಳೆಯಬೇಕು, ಮನೆ ಇಡಬೇಕು, ಕಾರ್ಖಾನೆ ಇಡಬೇಕು. ಗುಂಡು ಹೊಡೆಯುವುದಿಲ್ಲ, ಓಡುವುದಿಲ್ಲ, ಗೆಲ್ಲುವುದೂ ಇಲ್ಲ. ಕಾಲೇಜು ಹುಡುಗರು ಎರಡು ದಿನ ನೋಡಿ, "ಇದೂ ಒಂದ್ ಆಟಾನ್ರೀ ಟೀಚರ್?" ಎಂದು ಎದ್ದು ಹೋದರು. ಉಳಿದವರು ಮೂರು ಜನ, ಮೂವರಿಗೂ ಮೀಸೆ ನರೆತಿತ್ತು.

ಒಬ್ಬರು ಜವಳಿ ಅಂಗಡಿಯವರು. ಊಟವಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬರುವವರು. ಇನ್ನೊಬ್ಬರು ಹರಿಹರದಲ್ಲಿ ಲೇಥ್ ಅಂಗಡಿ ಇಟ್ಟಿದ್ದ ಭಾಯಿ. ವಾರಕ್ಕೊಂದು ದಿನ ಅವರ ಕಡೆ ಕರೆಂಟು ತೆಗೆಯುತ್ತಿದ್ದರು, ಆ ದಿನ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಮೂರನೆಯವರು ಮಿಲ್ಲಜ್ಜ. ಮೂವತ್ತು ವರ್ಷ ಬಟ್ಟೆ ಮಿಲ್ಲಿನಲ್ಲಿ ದುಡಿದು, ಮಿಲ್ಲು ಮುಚ್ಚಿದ ಮೇಲೆ ಮೊಮ್ಮಗಳನ್ನು ಟೈಪಿಂಗಿಗೆ ಬಿಡಲು ಬಂದವರು, ಮೊಮ್ಮಗಳು ಪರೀಕ್ಷೆ ಪಾಸಾಗಿ ಹೋದರೂ ತಾವು ಬರುವುದು ಬಿಡಲಿಲ್ಲ.

ಪಾಳಿ ಬದಲಾಗಬೇಕು

ಅಜ್ಜ ಕಟ್ಟಿದ ಊರಿನಲ್ಲಿ ಮೊದಲು ಎದ್ದದ್ದು ಮಿಲ್ಲು. ಮೂರು ಚಿಮಣಿ. ಅದರ ಸುತ್ತ ಸಾಲು ಮನೆ. ಅಷ್ಟು ಕಟ್ಟಿ ಕೈ ಕಟ್ಟಿಕೊಂಡು ಕೂತರು. ಆಡುವುದೆಂದರೆ ಅವರಿಗೆ ನೋಡುವುದು. ಚಿಮಣಿಯಿಂದ ಬಿಳಿ ಹೊಗೆ ಎದ್ದು ಮೆಲ್ಲಗೆ ವಾಲಿ ಪರದೆಯ ಅಂಚಿನಲ್ಲಿ ಕರಗಿ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತು, ಮೇಲೆ ಫ್ಯಾನು ಗರಗರ ಅನ್ನುತ್ತಿದ್ದರೆ ನಾನೂ ಅವರ ಹಿಂದೆ ಕೂತು ಅದನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಊರಿನ ಎರಡನೇ ಸಾಲಿನ ಮೂಲೆ ಮನೆಯನ್ನು ನಾನು ಮನಸ್ಸಿನಲ್ಲೇ ನನಗೆ ಅಂತ ಗೊತ್ತು ಮಾಡಿಕೊಂಡಿದ್ದೆ.

ಮೂರು ಗಂಟೆಗೆ ಜವಳಿಯವರು ಬರುತ್ತಿದ್ದರು. ಅಜ್ಜ ತಟ್ಟನೆ ಎದ್ದು ಹೋಗುವವರಲ್ಲ. ಮಿಲ್ಲಿನ ಪದ್ಧತಿ ಹಾಗೆ: ಮುಂದಿನ ಪಾಳಿಯವನು ಬಂದು ಮಗ್ಗದ ಮೇಲೆ ಕೈಯಿಡುವ ತನಕ ಈ ಪಾಳಿಯವನು ಜಾಗ ಬಿಡುವಂತಿಲ್ಲ. "ಮೂರೂ ಚಿಮಣಿ ನಡದಾವೆ. ಮೂಡಲ ಕಡೆ ರಸ್ತೆ ಅರ್ಧ ಆಗೈತೆ. ಕರೆಂಟ್ ಸರಿ ಐತೆ. ಹಿಡೀರಿ" ಎಂದು ಮೌಸು ಒಪ್ಪಿಸುವರು. ಜವಳಿಯವರು "ಆತ್ರಿ ಅಜ್ಜಾರೆ" ಎಂದು ಕೈಯಿಟ್ಟು, ಅಜ್ಜ ಬೀದಿ ದಾಟಿದ ಮೇಲೆ ಅವರ ಊರನ್ನು ಮುಚ್ಚಿ ತಾವು ಕಟ್ಟಿದ ಊರು ತೆರೆಯುವರು.

ಒಂದು ದಿನ ಜವಳಿಯವರು ಬರಲಿಲ್ಲ. ನನಗೋ ಹದಡಿಯಲ್ಲಿ ಮರುದಿನದ ಮದುವೆಗೆ ಸಂಜೆಯ ಕ್ಲಾಸಿಗೆ ರಜೆ ಕೊಟ್ಟು ಆಗಿನ ಬಸ್ಸಿಗೇ ಹೋಗಬೇಕು. ಐದಾಯಿತು. "ಅಜ್ಜಾರೆ, ಬಾಗಿಲು ಹಾಕ್ತೀನಿ" ಎಂದೆ.

"ಬದಲಿ ಆಳು ಬಂದಿಲ್ಲಲ್ಲಮ್ಮ, ಹೆಂಗೆ ಬಿಡ್ಲಿ?"

ನಾನೇ ಹೋಗಿ ಮೌಸಿನ ಮೇಲೆ ಕೈಯಿಟ್ಟೆ. ಅವರು ಎಲ್ಲವನ್ನೂ ಒಪ್ಪಿಸಿ, ಬಾಗಿಲಲ್ಲಿ ನಿಂತು, "ತೂಕಡಿಸಬ್ಯಾಡ್ರಿ ಮತ್ತೆ, ದಾರ ಕಡೀತೈತೆ" ಎಂದು ಎಚ್ಚರಿಸಿ ಹೋದರು.

ಅದು ತಲೆಯಲ್ಲೇ ಉಳಿದುಬಿಟ್ಟಿತ್ತು. ಮರುದಿನ ಮುಹೂರ್ತದ ಹೊತ್ತಿಗೆ ಚಪ್ಪರದಲ್ಲಿ ಕೂತಲ್ಲೇ ಕಣ್ಣು ಎಳೆಯಿತು. ಕನಸಿನಲ್ಲಿ ಮಿಲ್ಲು ನಡೆದಿತ್ತು. ಮದುಮಗ ತಾಳಿ ಕೈಗೆತ್ತಿಕೊಂಡಿದ್ದಾನೆ, ಎಲ್ಲರೂ ಅಕ್ಷತೆ ಹಿಡಿದಿದ್ದಾರೆ, ನಾನು ಬೆಚ್ಚಿ ಎದ್ದು "ದಾರ ಕಡೀತು!" ಎಂದು ಕೂಗಿದೆ. ಗಂಡ ಹೆಂಡತಿ ಈಗಲೂ ಚೆನ್ನಾಗಿದ್ದಾರೆ. ಆ ಮನೆಯವರು ಮಾತ್ರ ಆಮೇಲೆ ನನ್ನನ್ನು ಯಾವ ಕಾರ್ಯಕ್ಕೂ ಕರೆದಿಲ್ಲ.

ಹೊಳೆಯವರು, ಹೊಗೆಯವರು

ಒಮ್ಮೆ ಹರಿಹರದ ಭಾಯಿ ಒಂದು ಕಂಪ್ಯೂಟರ್ ಪತ್ರಿಕೆಯ ಹಾಳೆ ಹಿಡಿದುಕೊಂಡು ಬಂದರು. ನಮ್ಮ ಆಟಕ್ಕೆ ಹೊಸದೊಂದು ಭಾಗ ಬಂದಿದೆಯಂತೆ. ಫೋನಿನ ಮೂಲಕ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಹಳೆಯದಕ್ಕೆ ಜೋಡಿಸಬೇಕಂತೆ. ಅದರಲ್ಲಿ ಹೊಳೆ ಇದೆ, ದೋಣಿ ಇದೆ, ಸೇತುವೆ ಇದೆ, ರಸ್ತೆಯಲ್ಲಿ ಓಡಾಡುವ ಜನರಿದ್ದಾರೆ. ಅದರ ಇಂಗ್ಲಿಷ್ ಹೆಸರು ಉದ್ದವಿತ್ತು. ನಾವು ಸುಮ್ಮನೆ 'ಹೊಸ ಬಡಾವಣೆ' ಅಂದೆವು.

ಭಾಯಿಗೆ ಹೊಳೆಯದೇ ಆಸೆ. "ಹೊಳೆ ಇಲ್ದಿದ್ದು ಊರೇನ್ರಿ ಟೀಚರಮ್ಮ? ಸಂಜಿ ಮುಂದ ಎಲ್ಲಿ ಹೋಗಿ ಕೂಡಬೇಕು ಆ ಜನ?"

ಜವಳಿಯವರಿಗೆ ಸಿಟ್ಟು ಬಂತು. "ಅಲ್ಲಪಾ ಭಾಯಿ, ದಾವಣಗೆರ್‍ಯಾಗೆ ಎಲ್ಲೈತೆ ಹೊಳೆ? ನಮ್ದೇನು ಊರಲ್ವಾ?"

"ಈಗ ಕುಡಿಯಾಕ ಹತ್ತೀರಲ್ಲ, ಆ ನೀರು ನಮ್ಮ ಹರಿಹರದ ಹೊಳೆಯಿಂದ ಬಂದದ್ದಲ್ಲೇನ್ರಿ?"

ಜವಳಿಯವರ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ಒಮ್ಮೆ ನೋಡಿದರು, ಪೂರ್ತಿ ಕುಡಿದರು, ಇನ್ನೊಂದು ಲೋಟ ಕೇಳಿದರು. ಅಲ್ಲಿಗೆ ಅವರೂ ಹೊಳೆಯವರ ಪಕ್ಷ ಸೇರಿದ ಹಾಗಾಯಿತು.

ಹೊಗೆಯ ಪಕ್ಷದಲ್ಲಿ ಉಳಿದವರು ಅಜ್ಜ ಒಬ್ಬರೇ. ಅವರಿಗೆ ಹೊಸದರ ಮೇಲೆ ಹಗೆಯೇನಿರಲಿಲ್ಲ, ಭಯವಿತ್ತು. ಜೋಡಿಸುವಾಗ ಹಳೇ ಊರುಗಳು ಕೆಡಬಹುದು ಎಂದು ಪತ್ರಿಕೆಯಲ್ಲೇ ಬರೆದಿತ್ತು. ನಾನು ಅದನ್ನು ಓದಿ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಒಂದು ಮಿಲ್ಲು ಕಣ್ಮುಂದೆ ನಿಂತು ಹೋಗಿದ್ದು ಸಾಕಮ್ಮ" ಎಂದರು.

"ನಿಮ್ಮ ಊರಿಂದು ನಕಲು ತೆಗೆದು ಫ್ಲಾಪಿಯಾಗೆ ಇಡ್ತೀನ್ರಿ" ಎಂದು ಭಾಯಿ ಸಮಾಧಾನ ಹೇಳಿದರು.

"ನಕಲೀ ಮಾಲು ಬ್ಯಾಡ. ಒಂದೇ ಒಗೆತಕ್ಕೆ ಬಣ್ಣ ಬಿಡ್ತೈತೆ."

ಹತ್ತು ದಿನ ಚರ್ಚೆ ನಡೆಯಿತು. ಕೊನೆಗೆ ಅವರನ್ನು ಒಪ್ಪಿಸಿದ್ದು ಹೊಳೆಯಲ್ಲ, ದೋಣಿಯಲ್ಲ. ಅವರ ಮಿಲ್ಲಿನಲ್ಲಿ ಹೊಗೆ ಇತ್ತು, ಮನುಷ್ಯರಿರಲಿಲ್ಲ. "ಮಿಲ್ಲಿಗೆ ಜನ ಬರ್ತಾರಾ?" ಎಂದು ಕೇಳಿದರು. "ಬರ್ತಾರ್ರಿ, ಸಾಲಾಗಿ" ಎಂದರು ಭಾಯಿ. ಅಜ್ಜ ಪರದೆಯ ಕಡೆ ತಿರುಗಿ, "ಹಂಗಾದ್ರೆ ಗೇಟು ದೊಡ್ಡದು ಮಾಡಬೇಕಿತ್ತು" ಎಂದರು.

ಶಾಮನೂರಿನ ಫೋನು

ಇಳಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ, ಅದೂ ತೊಟ್ಟಿಕ್ಕಿದ ಹಾಗೆ. ನನ್ನ ಫೋನೂ ಮಹಡಿಯ ಮೇಲಿದ್ದ ಮನೆಯೊಡತಿಯ ಫೋನೂ ಒಂದೇ ತಂತಿಯವು. ಮೇಲೆ ಅವರು ಎತ್ತಿದರೆ ಇಲ್ಲಿ ಕಡಿದು ಹೋಗುತ್ತಿತ್ತು. ಎರಡು ಸಲ ಹಾಗೆಯೇ ಆಯಿತು. ಮೂರನೇ ಸಲ ಭಾನುವಾರ ಬೆಳಗ್ಗೆ, ಅವರು ಫೋನು ಮುಟ್ಟದ ಹಾಗೆ ನೋಡಿಕೊಳ್ಳಲು ಜವಳಿಯವರನ್ನೇ ಮೇಲೆ ಕಳಿಸಿದೆವು. ಅವರು ಸೀರೆಯ ಗಂಟು ಹೊತ್ತುಕೊಂಡು ಹೋಗಿ ಒಂದೊಂದೇ ಬಿಚ್ಚಿ ತೋರಿಸುತ್ತಾ ಕೂತರು. ಮನೆಯೊಡತಿಗೆ ಫೋನಿನ ನೆನಪೇ ಬರಲಿಲ್ಲ.

ಇಳಿಸಿಕೊಳ್ಳಲು ಮೂರು ಗಂಟೆ ಹಿಡಿಯಿತು. ಅದು ಮುಗಿದ ಮೇಲೆಯೇ ನಮಗೆ ತಿಳಿದದ್ದು, ಮನೆಯೊಡತಿಯ ಮಗಳನ್ನು ನೋಡಿ ಹೋಗಿದ್ದ ಶಾಮನೂರಿನ ಗಂಡಿನ ಕಡೆಯವರು ಆ ದಿನ ಫೋನು ಮಾಡಿ ತಮ್ಮ ತೀರ್ಮಾನ ತಿಳಿಸುವುದಿತ್ತು ಅಂತ. ಒಂದು ಹುಡುಗಿಯ ಬಾಳು, ನಮಗೆ ಹೊಳೆಯ ಚಪಲ.

ಮಧ್ಯಾಹ್ನ ಒಂದು ಜೀಪು ಬಂದು ಬಾಗಿಲಿಗೇ ನಿಂತಿತು. ಗಂಡಿನ ತಂದೆ ತಾಯಿ, ಸೋದರಮಾವ, ಕೈಯಲ್ಲಿ ಹೂವು ಹಣ್ಣು. "ಬರ್ರಿ, ಕೂಡ್ರಿ" ಎನ್ನಲೂ ಬಿಡದೆ ಆ ತಾಯಿ ಹೇಳಿದರು: "ಬೆಳಗ್ಗಿಂದ ಹಚ್ಚಿದ್ದೇ ಹಚ್ಚಿದ್ದು ಅಕ್ಕಾರೆ, ನಿಮ್ಮ ಫೋನು ಬಿಡುವೇ ಇಲ್ಲ. ಎಷ್ಟು ಕಡೆಯಿಂದ ಕೇಳಾಕೆ ಹತ್ಯಾರೋ ಅಂತ ನಮ್ಗೆ ಗಾಬ್ರಿ ಆತು. ಬ್ಯಾರೆಯವರು ಒಪ್ಪಿಸಿಕೊಳ್ಳೋದ್ರಾಗೆ ನಾವೇ ಬಂದ್ವಿ."

ಆ ಮದುವೆಯ ಸೀರೆಗಳೆಲ್ಲ ಜವಳಿಯವರ ಅಂಗಡಿಯವೇ. ಇವತ್ತಿಗೂ ಆ ಮನೆಯೊಡತಿ, ಮಗಳ ಜಾತಕ ಬಲವಾಗಿತ್ತು ಅನ್ನುತ್ತಾರೆ.

ಒಳಗೆ ಬಾರದ ಗಿರಾಕಿ

ಹೊಸ ಬಡಾವಣೆ ಜೋಡಿಸಿದ ದಿನ ಯಾರೂ ಉಸಿರು ಬಿಡಲಿಲ್ಲ. ಅಜ್ಜನ ಊರನ್ನೇ ಮೊದಲು ತೆರೆದೆವು. ಮೂರು ಚಿಮಣಿಯೂ ಇದ್ದವು, ಮೂರರಲ್ಲೂ ಹೊಗೆ ಇತ್ತು. ಭಾಯಿ ಅಜ್ಜನ ಅಪ್ಪಣೆ ಕೇಳಿ ಊರ ಪಕ್ಕದಲ್ಲಿ ಹೊಳೆ ಎಳೆದರು. ನೀಲಿ ನೀರು ಮಿರಮಿರ ಹರಿಯತೊಡಗಿತು. ಅದರ ದಂಡೆಗುಂಟ ಇರುವೆಯಷ್ಟು ಚಿಕ್ಕ ಜನ ನಡೆದು ಬಂದರು, ಮಿಲ್ಲಿನ ಕಡೆಗೆ. ಅಜ್ಜ ಕನ್ನಡಕ ಒರೆಸಿ ಹಾಕಿಕೊಂಡರು, ಮತ್ತೆ ಒರೆಸಿದರು. ಸಂಜೆಯ ಹುಡುಗಿಯರು ಬಂದು ಟೈಪ್‌ರೈಟರಿನ ಮುಂದೆ ಕೂತರೂ ನಾವು ನಾಲ್ಕು ಜನ ಆ ದಂಡೆಯ ಮೇಲೇ ಇದ್ದೆವು.

ಆದರೆ ಹೊಳೆಯವರ ಪಕ್ಷ ಸೇರಿದ್ದ ಜವಳಿಯವರೇ ಮೂರನೇ ದಿನಕ್ಕೆ ಮುಖ ಗಂಟಿಕ್ಕಿಕೊಂಡರು. ಅವರ ಊರಿನಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿ ಇತ್ತು, ಅದರ ಮುಂದೆ ಜನವೋ ಜನ. "ಏನಾತ್ರಿ, ಚೆಂದ ಐತಲ್ಲ?" ಎಂದೆ.

"ಏನ್ ಚೆಂದ ತಗೋರಿ. ಬರ್ತಾರೆ, ನಿಂತು ನೋಡ್ತಾರೆ, ಹೋಗ್ತಾರೆ. ಒಬ್ಬನಾರ ಒಳಗೆ ಕಾಲಿಡಲ್ಲ."

"ಆಟ ಅಲ್ವೇನ್ರಿ?"

"ಅದಕ್ಕೇ ಟೀಚರ್ ಹೇಳೋದು. ನಿಜವಾದ ಅಂಗಡ್ಯಾಗೂ ಹಿಂಗೇ ಆಗ್ತೈತೆ. ಅದನ್ನ ಮರೆಯಾಕೆ ಅಂತ್ಲೇ ನಾನಿಲ್ಲಿಗೆ ಬರ್ತಿದ್ದೆ!"

ಮರುದಿನವೇ ಅವರು ತಮ್ಮ ಊರಿನಲ್ಲಿ ಅಂಗಡಿಗೆ ಹೋಗುವ ರಸ್ತೆಯನ್ನೇ ಕಿತ್ತು ಹಾಕಿದರು. ಜನ ಬರುವುದು ನಿಂತಿತು. ಅವರಿಗೆ ನೆಮ್ಮದಿಯಾಯಿತು.

ಮಾಲೀಕರು ಎಲ್ಲಿ

ಹೊಸ ಬಡಾವಣೆಯಲ್ಲಿ ಇನ್ನೊಂದು ಇತ್ತು, ಅದನ್ನು ನಾವು ಯಾರೂ ಓದಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜ ಗಾಬರಿಯಿಂದ ಕರೆದರು. ಹೋಗಿ ನೋಡಿದರೆ ಮೂರೂ ಚಿಮಣಿಯಲ್ಲಿ ಹೊಗೆ ಇಲ್ಲ. ಆ ಚಿಕ್ಕ ಜನವೆಲ್ಲ ಗೇಟಿನ ಮುಂದೆ ಕೂತುಬಿಟ್ಟಿದ್ದಾರೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬಂದಿತ್ತು. ನಾನು ಓದಿ ಹೇಳಿದೆ: "ಸ್ಟ್ರೈಕ್ ಮಾಡ್ಯಾರೆ ಅಜ್ಜಾರೆ. ಕೂಲಿ ಹೆಚ್ಚು ಮಾಡ್ರಿ ಅಂತಾರೆ. ಇಲ್ಲಿ ಎರಡು ಗುಂಡಿ ಅದಾವೆ. ಒಪ್ಪಿಗೆ, ಇಲ್ಲಾಂದ್ರೆ ನಿರಾಕರಣೆ."

"ಯಾರನ್ನ ಕೇಳ್ತಾರೆ?"

"ನಿಮ್ಮನ್ನೇ. ನೀವಲ್ವಾ ಮಾಲೀಕರು?"

ಅಜ್ಜ ಕುರ್ಚಿಯಿಂದ ಎದ್ದು ನಿಂತೇ ಬಿಟ್ಟರು. "ನಾನಾ? ನಾನು ಪಾಳಿಗೆ ಬರೋನು ರೀ!"

"ಮತ್ತೆ ಇಷ್ಟು ದಿನ ಮಾಲೀಕರು ಯಾರು ಅಂತ ತಿಳ್ಕೊಂಡಿದ್ರಿ?"

"ಯಾರೋ ಇರಬೇಕು, ಬಂದಿಲ್ಲ ಅಂತ ತಿಳ್ಕೊಂಡಿದ್ದೆ. ನಮ್ ಮಿಲ್ಲಿಗೂ ಬರ್ತಿರಲಿಲ್ಲ."

ಅಷ್ಟು ಹೇಳಿ ಹೊರಗೆ ಹೋಗಿ ನನ್ನ ಕ್ಲಾಸಿನ ಮೆಟ್ಟಿಲ ಮೇಲೆ ಕೂತರು. ಆ ದಿನ ಭಾಯಿಯೂ ಬಂದಿದ್ದರು. "ಒಪ್ಪಿಗೆ ಒತ್ತಿಬಿಡ್ರಿ ಅಜ್ಜಾರೆ, ಮುಗೀತಲ್ಲ" ಎಂದರು.

"ನಾನು ಹೆಂಗೆ ಒತ್ಲಿ? ನಾನು ಇವರ ಕಡೆಯವನು. ಒಳಗೆ ಹೋದ್ರೆ ಸ್ಟ್ರೈಕ್ ಮುರಿದಂಗೆ ಆಗ್ತೈತೆ. ಮಾಲೀಕರು ಹೊರಗೆ ಬಂದು ಮಾತಾಡ್ಲಿ."

"ಮಾಲೀಕರು ನೀವೇ ಅಲ್ವಾ?" ಎಂದೆ.

"ಅದಕ್ಕೇ ನಂಗೆ ನಂಬಿಕೆ ಇಲ್ಲ."

ನನಗೆ ನಗು ಬಂತು, ಆದರೆ ಅವರ ಮುಖ ಕಂಡು ಪಕ್ಕದಲ್ಲಿ ಕೂತೆ. ದನಿ ತಗ್ಗಿಸಿ ಹೇಳಿದರು: "ಅವತ್ತೂ ಹಿಂಗೇ ಗೇಟಿನ ಮುಂದೆ ಕುಂತ್ವಮ್ಮ. ನಾಳೆ ಕರೀತಾರೆ, ನಾಡಿದ್ದು ಕರೀತಾರೆ ಅಂತ. ಆ ಗೇಟು ಆಮೇಲೆ ತೆಗೀಲೇ ಇಲ್ಲ." ಬೀದಿಯಲ್ಲಿ ಆಟೋಗಳು ಹೋಗುತ್ತಿದ್ದವು. ಒಳಗೆ ಆ ಇರುವೆಯಂಥ ಜನವೂ, ಹೊರಗೆ ನಾವು ಮೂವರೂ, ಯಾರೋ ಬಂದು ಬಾಗಿಲು ತೆಗೆಯಲಿ ಎಂದು ಕೂತಿದ್ದೆವು. ಆಟ ಯಾವುದು, ಬೀದಿ ಯಾವುದು ಎಂದು ನನಗೂ ಆ ಹೊತ್ತು ಸರಿಯಾಗಿ ತಿಳಿಯಲಿಲ್ಲ.

ಕೊನೆಗೆ ಭಾಯಿ ಮೆಲ್ಲಗೆ ಹೇಳಿದರು: "ಅಜ್ಜಾರೆ, ಆ ಕುರ್ಚಿ ಖಾಲಿ ಐತೆ. ಖಾಲಿ ಇದ್ದರೆ ಯಾರು ತೆಗೀಬೇಕು ಗೇಟು?"

ಅಜ್ಜ ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ಕೂದಲು ನೇವರಿಸಿಕೊಂಡರು. ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತು, ನಾನು ತೋರಿಸಿದ ಒಪ್ಪಿಗೆಯ ಗುಂಡಿ ಒತ್ತಿದರು. ಗೇಟು ತೆರೆಯಿತು. ಜನ ಎದ್ದು ಸಾಲಾಗಿ ಒಳಗೆ ಹೋದರು. ಒಂದೊಂದಾಗಿ ಮೂರೂ ಚಿಮಣಿಯಲ್ಲಿ ಹೊಗೆ ಎದ್ದಿತು. ಅಜ್ಜ ಚಪ್ಪಲಿ ಮೆಟ್ಟಿ ಮನೆಗೆ ಹೋದರು.

ಮರುದಿನ ಅವರು ಬರಲಿಲ್ಲ. ಮಿಲ್ಲು ಮುಚ್ಚಿದ ನೋವನ್ನೆಲ್ಲ ಸುಮ್ಮನೆ ಕೆದಕಿದೆವಲ್ಲ ಎಂದು ನಾನು ಇಡೀ ದಿನ ಒದ್ದಾಡಿದೆ. ಅದರ ಮರುದಿನ ಸರಿಯಾದ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು, ಮುಖದ ತುಂಬ ಕಳೆ.

"ನಿನ್ನೆ ಯಾಕ ಬರಲಿಲ್ಲ ಅಜ್ಜಾರೆ?"

"ರಜೆ ಕೊಟ್ಟಿದ್ರಮ್ಮ. ಸಂಬಳದ ಸಮೇತ."

"ಯಾರು ಕೊಟ್ರು?"

"ನಮ್ ಮಾಲೀಕರು" ಎಂದು ಕುರ್ಚಿ ಎಳೆದುಕೊಂಡರು. "ಭಾಳ ಒಳ್ಳೇ ಮನುಷ್ಯ ರೀ. ಮೂವತ್ತು ವರ್ಷದಾಗೆ ಇಂಥ ಮಾಲೀಕನ್ನ ನಾನು ನೋಡೇ ಇಲ್ಲ."