ಹದಿನೇಳನೇ ನಂಬರಿನ ಮೋಟರಿನ ಮುಚ್ಚಳ

ಪರೇಲ್, ಮುಂಬಯಿ
ಗುರುವಾರ, ೧೨ ಜುಲೈ ೧೯೫೬

ಶ್ರೀ ಪರಿಭ್ರಮಣ ಮೋಟರ್ ವರ್ಕ್ಸಿನ ಮುಖ್ಯ ಇಂಜಿನಿಯರ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಹೂಮಾಲೆ ಹಾಕಿಸಿಕೊಂಡು ಕುಳಿತಿರುವ ಹದಿನೇಳನೇ ನಂಬರಿನ ಮೋಟರಿನ ಹೊಟ್ಟೆಯೊಳಗೆ ಹೊಗೆಯಾಡುತ್ತಿದೆ; ಈ ಸಾಲು ಓದಿದ ಕೂಡಲೇ ಓಡಿಹೋಗಿ, ಅದರ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ತೆರೆದಿಟ್ಟು, ಆಮೇಲೆ ಮುಂದಿನದನ್ನು ಓದಬೇಕಾಗಿ ಪ್ರಾರ್ಥನೆ.

ಬಂದಿರಾ? ಕುಳಿತುಕೊಳ್ಳಿ, ಒಂದು ಲೋಟ ನೀರು ಕುಡಿಯಿರಿ. ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಅದು ನಾನು ಹಾಕಿದ ಸುಳ್ಳು ಬೊಬ್ಬೆ. ಬಿಚ್ಚಿದ ಮುಚ್ಚಳವನ್ನು ಮಾತ್ರ ಹಾಗೆಯೇ ಇಟ್ಟಿರಿ, ಕೊನೆಗೆ ಬೇಕಾಗುತ್ತದೆ. ಹೋದ ದೀಪಾವಳಿಯವರೆಗೆ ಇಪ್ಪತ್ತಾರು ವರ್ಷ ತಮ್ಮ ಕಾರ್ಖಾನೆಯಲ್ಲಿ ಕಬ್ಬಿಣದ ತೆಳು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಮೋಟರಿನ ತಿರುಗುವ ಗುಂಡು ಮಾಡಿಕೊಡುತ್ತಿದ್ದ ಪೂವಪ್ಪನೇ ನಾನು. ಟೈಮ್‌ಕೀಪರನ ಗಡಿಯಾರಕ್ಕೆ ಮೀಸೆ ಬರೆದವನು ನಾನೇ ಎಂಬ ಆರೋಪ ಇನ್ನೂ ತನಿಖೆಯಲ್ಲಿದೆ ಎಂದು ಕೇಳಿ ಸಂತೋಷವಾಯಿತು. ಈ ಪತ್ರದ ಒಂದು ಪ್ರತಿ ತಮ್ಮ ಮೇಜಿಗೆ, ಇನ್ನೊಂದು ಕಾರ್ಖಾನೆಯ ಗೇಟಿಗೆ. ಇಂಗ್ಲಿಷಿನಲ್ಲಿ ಬರೆದರೆ ಫೈಲು ಓದುತ್ತದೆ, ಕನ್ನಡದಲ್ಲಿ ಬರೆದರೆ ಜನ ಓದುತ್ತಾರೆ. ತಾವೂ ಧಾರವಾಡದ ನೀರು ಕುಡಿದವರೇ ಆದ್ದರಿಂದ ತೊಂದರೆಯಾಗಲಾರದು.

ಮೊದಲು ತಮ್ಮ ಹೊಸ ಅಯಸ್ಕಾಂತದ ಮೋಟರಿನ ಗುಣಗಾನ. ದಾದರಿನ ಸೀರೆ ಅಂಗಡಿಯವರು ಗಾಜಿನ ಕಿಟಕಿಯಲ್ಲಿ ಮೆಲ್ಲನೆ ತಿರುಗುವ ಗೊಂಬೆ ಬೇಕೆಂದರು. ಹಲ್ಲುಚಕ್ರ ಇಟ್ಟರೆ ಸದ್ದಾಗುತ್ತದೆಂದು ತಾವು ಗೊಂಬೆಯನ್ನು ನೇರವಾಗಿ ಮೋಟರಿನ ಕಡ್ಡಿಯ ಮೇಲೆಯೇ ನಿಲ್ಲಿಸಿದಿರಿ. ಸದ್ದು ಹೋಯಿತು, ಮಾನವೂ ಹೋಯಿತು. ಆ ಗೊಂಬೆ ಬೆಣ್ಣೆಯಂತೆ ತಿರುಗುವ ಬದಲು ಸ್ಲೋ ಲೋಕಲ್ ರೈಲಿನಂತೆ ಒಂದು ಸುತ್ತಿಗೆ ಹನ್ನೆರಡು ಸ್ಟೇಷನ್ನಿನಲ್ಲಿ ನಿಂತು, ಪ್ರತಿ ಸಲವೂ ಗಟಕ್ಕೆಂದು ಕತ್ತು ಕೊಡವಿ ಹೊರಡುತ್ತದೆ. ಉಟ್ಟ ಸೀರೆ ಗೊಂಬೆಗೇ ಒಪ್ಪಿಗೆಯಿಲ್ಲವೆಂದು ತಿಳಿದು ಹೆಂಗಸರು ಎದುರಂಗಡಿಗೆ ಹೋಗುತ್ತಿದ್ದಾರೆ. ಇಷ್ಟು ಪ್ರಾಮಾಣಿಕಳಾದ ಮಾರಾಟಗಾರ್ತಿ ಇಡೀ ಮುಂಬಯಿಯಲ್ಲಿ ಇನ್ನೊಬ್ಬಳಿಲ್ಲ. ಆಕೆಯನ್ನು ಸೃಷ್ಟಿಸಿದ ತಮಗೆ ನಮಸ್ಕಾರ.

ಅಂಥ ಹದಿನಾರು ಮೋಟರು ವಾಪಸು ಬಂದಾಗ ತಾವು ತೋರಿದ ಬುದ್ಧಿವಂತಿಕೆಯನ್ನು ಹೇಗೆ ವರ್ಣಿಸಲಿ. ಮೊದಲು ಬೇರಿಂಗ್ ಬದಲಾಯಿಸಿದಿರಿ, ಆಮೇಲೆ ತೆಂಗಿನಕಾಯಿ ಒಡೆಸಿದಿರಿ, ಆಮೇಲೆ ತಾವೇ ಕಲಸಿದ ವಿಶೇಷ ಗ್ರೀಸು ಹಚ್ಚಿಸಿದಿರಿ. ಯಾವುದಕ್ಕೂ ಬಗ್ಗದಿದ್ದಾಗ ತಪ್ಪೆಲ್ಲ ತಂತಿ ಸುತ್ತುವ ಪರಪ್ಪನದೆಂದು ತೀರ್ಮಾನಿಸಿ, ಸುತ್ತು ಏರುಪೇರು ಮಾಡಿದ್ದು ತಾನೇ ಎಂದು ಅವನು ಶನಿವಾರದೊಳಗೆ ಬರೆದುಕೊಡಬೇಕು, ಇಲ್ಲವಾದರೆ ಕೆಲಸವನ್ನೂ ಕಾರ್ಖಾನೆಯ ಚಾಳಿನ ಖೋಲಿಯನ್ನೂ ಬಿಡಬೇಕು ಎಂದು ನೋಟೀಸು ಕೊಟ್ಟಿರಿ. ಹತ್ತೊಂಬತ್ತು ವರ್ಷ ಸುತ್ತಿದವನ ಮೇಲೆ, ಸುತ್ತಿ ಬಳಸಿ ಮಾತಾಡುವವರ ತೀರ್ಪು! ಮೊನ್ನೆ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಅವನು ನನ್ನೆದುರು ಕುಳಿತು ಹೇಳಿದ್ದಿಷ್ಟೇ: "ಪೂವಪ್ಪಣ್ಣ, ಸಹಿ ಮಾಡಿದ್ರ ನನ್ನ ಕೈ ಸುಳ್ಳ ಅಂದಂಗ ಆಕ್ಕೈತಿ. ಮಾಡ್ಲಿಲ್ಲ ಅಂದ್ರ ಮಕ್ಕಳನ್ನ ಎಲ್ಲಿ ಮಲಗಸ್ಲಿ?"

ಸಾಹೇಬರೇ, ವಾಪಸು ಬಂದ ಮೋಟರೊಂದನ್ನು ಬ್ಯಾಟರಿಯಿಂದ ಕಳಚಿ, ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ತಿರುವಿ ನೋಡುವ ಕೃಪೆ ಮಾಡಿದ್ದೀರಾ? ಕರೆಂಟಿಲ್ಲ, ಆದರೂ ಹನ್ನೆರಡು ಗಟಕ್ಕು. ಒಂದೆಳೆ ತಾಮ್ರವನ್ನೂ ಸುತ್ತದ ಬರಿಯ ಕಬ್ಬಿಣದ ಗುಂಡನ್ನು ಅಯಸ್ಕಾಂತದ ನಡುವೆ ಇಟ್ಟು ತಿರುವಿ, ಆಗಲೂ ಹನ್ನೆರಡು. ಪರಪ್ಪ ಇನ್ನೂ ಮುಟ್ಟದ ಗುಂಡನ್ನು ಪರಪ್ಪ ಕೆಡಿಸಿದ್ದು ಹೇಗೆ? ಅಯಸ್ಕಾಂತನು ಹೆಸರಿಗೆ ತಕ್ಕ ಕಾಂತ. ತಂತಿ ಸುತ್ತಲೆಂದು ಗುಂಡಿನ ಮೈಮೇಲೆ ಕಡಿದ ಹನ್ನೆರಡು ಹಲ್ಲುಗಳಲ್ಲಿ ಎದುರಿಗೆ ಬಂದದ್ದನ್ನು ಕೈಹಿಡಿದು ನಿಲ್ಲಿಸಿಕೊಳ್ಳುತ್ತಾನೆ, ಬಿಡಿಸಿಕೊಂಡು ಹೋದರೆ ಮುಂದಿನ ಹಲ್ಲನ್ನು ಹಿಡಿಯುತ್ತಾನೆ. ತಾವು ಹನ್ನೆರಡು ಹಲ್ಲನ್ನೂ ನೆಟ್ಟಗೆ, ಶಿಸ್ತಾಗಿ ಕಡಿಸಿದ್ದರಿಂದ ಹಲ್ಲಿನ ಉದ್ದವೆಲ್ಲ ಒಂದೇ ಗಳಿಗೆಯಲ್ಲಿ ಅವನ ಕೈಗೆ ಸಿಗುತ್ತದೆ.

ಆದ್ದರಿಂದ ನನ್ನ ವಿನಂತಿಯೇನೆಂದರೆ, ಆ ಅಯಸ್ಕಾಂತಕ್ಕೆ ತಾವು ಖುದ್ದು ಬ್ರಹ್ಮಚರ್ಯದ ದೀಕ್ಷೆ ಕೊಡಬೇಕು, ಒಪ್ಪದಿದ್ದರೆ ಹವಾ ಬದಲಾವಣೆಗೆ ಬೊರಿವಲಿಯ ಕಾಡಿಗೆ ಕಳಿಸಬೇಕು. ಅದೂ ಆಗದಿದ್ದರೆ ದಾದರಿನಲ್ಲಿ ಸೀರೆ ನೋಡಲು ಬರುವ ಹೆಂಗಸರೆಲ್ಲ ಗೊಂಬೆಯ ತಾಳಕ್ಕೆ ಸರಿಯಾಗಿ ಕತ್ತು ಕೊಡವಬೇಕೆಂದು ಸರ್ಕಾರದಿಂದ ಕಾಯಿದೆ ಮಾಡಿಸಬೇಕು. ಎಲ್ಲರೂ ಒಟ್ಟಿಗೆ ಕೊಡವಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇವೆಲ್ಲ ಕಷ್ಟವೆನಿಸಿದರೆ ವಿಜಾಪುರದ ಕಡೆಯ ನಾಗವ್ವನಿದ್ದಾಳೆ. ನಮ್ಮ ಚಾಳುಗಳಲ್ಲಿ ಸವೆದ ಬೀಸುಕಲ್ಲಿಗೆ ಉಳಿಯಿಂದ ಹೊಸ ಗೀರು ಕೊರೆದುಕೊಡುವುದು ಅವಳ ಕಸುಬು. ನನ್ನ ನಿವೃತ್ತಿಗೆ ವಾರವಿದ್ದಾಗ ಒಂದು ದಿನ, ನನ್ನ ಬಾಗಿಲಿಗೆ ತಡೆಯಾಗಿ ಇಟ್ಟಿದ್ದ, ತಮ್ಮ ಇದೇ ಮೋಟರಿನ ರದ್ದಾದ ಗುಂಡೊಂದನ್ನು ಎತ್ತಿ, ಅದರ ಹಲ್ಲಿನ ಮೇಲೆ ಬೆರಳಾಡಿಸಿ, ಯಾವ ಪುಣ್ಯಾತ್ಮ ಕಡಿದದ್ದು ಎಂದು ಕೇಳಿದಳು. ದೊಡ್ಡ ಇಂಜಿನಿಯರು ಎಂದೆ. ಅವಳು ನಗಲಿಲ್ಲ. "ನೆಟ್ಟಗ ಕಡದ್ರ ಕಲ್ಲು ಜಗ್ಗತೈತ್ರಿ ಅಣ್ಣಾ. ಒಂಚೂರು ವಾರಿ ಹಾಕ್ಬೇಕು. ಒಂದು ತುದಿ ಬಿಡೂದ್ರಾಗ ಇನ್ನೊಂದು ಹಿಡದಿರ್ತೈತಿ, ಬೀಸಾಕಿ ಕೈಗೆ ಗೊತ್ತ ಆಗೂದಿಲ್ಲ," ಎಂದು ಹೇಳಿ, ಗುಂಡನ್ನು ಬಾಗಿಲಿಗೇ ಒರಗಿಸಿ ಹೋದಳು. ಮೋಟರನ್ನು ಒರೆಗೆ ಹಚ್ಚುವ ಮೊದಲು ಓರೆಗೆ ಹಚ್ಚಬೇಕೆಂಬುದು ಇಪ್ಪತ್ತಾರು ವರ್ಷದಲ್ಲಿ ನನಗೂ ಹೊಳೆದಿರಲಿಲ್ಲ, ಆ ಮಾತು ಬೇರೆ.

ಈಗ ತಮ್ಮ ಗಾಜಿನ ಪೆಟ್ಟಿಗೆಗೆ ಬರೋಣ. ಹದಿನೇಳನೆಯದು ಮಾತ್ರ ನೀರಿನ ಮೇಲಿನ ಎಲೆಯಂತೆ ತಿರುಗುವುದು ತಮ್ಮ ಗ್ರೀಸಿನ ಮಹಿಮೆಯೆಂದು ಬಂದವರಿಗೆಲ್ಲ ಹೇಳುತ್ತಿದ್ದೀರಿ. ಮುಚ್ಚಳ ಹೇಗೂ ತೆರೆದಿದೆ. ಬಗ್ಗಿ ನೋಡಿ. ಹಲ್ಲುಗಳು ನೆಟ್ಟಗಿಲ್ಲ, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸರಿಯಾಗಿ ಒಂದು ಹಲ್ಲಿನಷ್ಟು ಓರೆ. ರಿಜಿಸ್ಟರನ್ನೂ ತೆಗೆಸಿ; ಹದಿನಾರನ್ನು ಸುತ್ತಿದ ಕೈಯೇ ಹದಿನೇಳನೆಯದನ್ನೂ ಸುತ್ತಿದೆ, ಅದು ಪರಪ್ಪನದು. ಶನಿವಾರ ಆ ಕಾಗದದ ಮೇಲೆ ಸಹಿ ಬೀಳಲೇಬೇಕೆಂದಿದ್ದರೆ, ಹೆಸರಿನ ಜಾಗದಲ್ಲಿ ಯಾರದು ಬರಬೇಕೆಂದು ತಮ್ಮಂಥ ವಿದ್ಯಾವಂತರಿಗೆ ನಾನು ಹೇಳಬೇಕಾಗಿಲ್ಲ.

ಎಷ್ಟು ತಿರುಗಿದರೂ ತಮ್ಮ ಕಡೆಗೇ ಮುಖ ಮಾಡಿ ನಿಲ್ಲುವ,

ತಮ್ಮ ವಿಶ್ವಾಸಿ,
ಪೂವಪ್ಪ

ತಾ.ಕ.: ಗಡಿಯಾರದ ಮೀಸೆ ನನ್ನದಲ್ಲ, ಅಷ್ಟು ಚೆನ್ನಾಗಿ ಬರೆಯಲು ನನಗೆ ಬಾರದು. ಆದರೆ ಕೆಲಸ ಬಿಡುವ ಹಿಂದಿನ ದಿನ ತಮ್ಮ ನಕ್ಷೆಯನ್ನು ಮಗುಚಿ ಇಟ್ಟು, ಬಿಲ್ಲೆ ಬಿಲ್ಲೆಯನ್ನೂ ಕೂದಲೆಳೆಯಷ್ಟು ಸರಿಸಿ ಪೇರಿಸಿ, ಹದಿನೇಳನೆಯದನ್ನು ಓರೆ ಮಾಡಿದ್ದು ನಾನೇ, ಯಾರನ್ನೂ ಕೇಳಲಿಲ್ಲ. ತಾವು ಕೆಲಸದಿಂದ ತೆಗೆಯಬೇಕಾದದ್ದು ನನ್ನನ್ನು, ತಡವಾಯಿತು. ಉಳಿದ ಗ್ರೀಸನ್ನು ಎಸೆಯಬೇಡಿ. ಪರಪ್ಪನ ಮುಂದೆ ಕತ್ತು ಬಗ್ಗಿಸುವಾಗ ಗಟಕ್ಕೆಂದರೆ ಒಂಚೂರು ಹಚ್ಚಿಕೊಳ್ಳಬಹುದು.