ಚರಂಡಿಯ ಸುದ್ದಿಯೂ ದೇಶದ ಭದ್ರತೆಯೂ

ಸರ್ಕಾರ ಜನರ ಬಾಯಿಗೆ ಬೀಗ ಹಾಕಿದಾಗಲೆಲ್ಲ ನಮ್ಮ ಕಾಮಾಕ್ಷಿಪಾಳ್ಯದಲ್ಲಿ ಒಂದಲ್ಲ ಒಂದು ತಮಾಷೆ ನಡೆದೇ ನಡೆಯುತ್ತದೆ. ಹಲ್ಲು ಕಡಿಯುತ್ತಾ ಬೀದಿಗಿಳಿದ ನಾನು ಎಷ್ಟೋ ಸಲ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮನೆಗೆ ಬಂದಿದ್ದೇನೆ. ವಿದೇಶಿ ಕಂಪನಿಯ ವಿಡಿಯೋ ಆ್ಯಪನ್ನು ದೇಶದ ಭದ್ರತೆಯ ಹೆಸರಲ್ಲಿ ನಿಷೇಧಿಸಿದಾಗಲೂ ಹಾಗೇ ಆಯಿತು.

ಗಡಿ ಕಾಯುವ ಗಟಾರ

ನಮ್ಮ ಬೀದಿಯಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳಿದ್ದಾಳೆ, ಗಾರ್ಮೆಂಟ್ಸ್ ಕೆಲಸದವಳು. ಚರಂಡಿ ಕಟ್ಟಿಕೊಂಡರೆ ಕೊಳಕು ನೀರು ಮೊದಲು ನುಗ್ಗುವುದು ಅವಳ ಮನೆಗೇ. ಅರ್ಜಿ ಕೊಟ್ಟರೆ ಅಲ್ಲಾಡದ ವಾರ್ಡ್ ಆಫೀಸು, ಅವಳು ಆ ಆ್ಯಪಿನಲ್ಲಿ ವಿಡಿಯೋ ಹಾಕಿದರೆ ಓಡಿ ಬರುತ್ತಿತ್ತು. ಆ್ಯಪ್ ಹೋಯಿತು. ಚರಂಡಿ ಮತ್ತೆ ಕಟ್ಟಿಕೊಂಡಿತು. ನೀರು ಹೊಸ್ತಿಲು ಮುಟ್ಟಿತು.

ಅದೇ ಹೊತ್ತಿಗೆ ಟೀ ಅಂಗಡಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ನಿಷೇಧದ ಖುಷಿಗೆ ಮೈಸೂರುಪಾಕು ಹಂಚುತ್ತಿದ್ದರು. ಅವಳ ಕೈಗೂ ಒಂದು ಇಟ್ಟು, "ಒಳ್ಳೇದಾಯ್ತು ಕಣಮ್ಮ. ನಮ್ಮ ಬೀದಿಬೀದಿಯನ್ನೂ ಶತ್ರುಗಳು ಕೂತಲ್ಲೇ ನೋಡ್ತಿದ್ರು. ನಾಳೆ ಸೈನ್ಯ ನುಗ್ಗಿಸಿದ್ರೆ ಏನ್ ಮಾಡ್ತಿದ್ದೆ?" ಎಂದರು.

"ನಮ್ಮ ಗಟಾರ ನೋಡಿದ ಮ್ಯಾಲೆ ಯಾವ ಸೈನ್ಯಾನೂ ಈ ಕಡೆ ಬರಂಗಿಲ್ಲ ಬಿಡ್ರಿ ಯಜಮಾನ್ರ. ನಾನು ದೇಶಾ ಕಾಯಾಕತ್ತಿದ್ದೆ. ನೀವು ಅದನ್ನ ನಿಲ್ಲಿಸಿದ್ದಕ್ಕ ಸಿಹಿ ಹಂಚಾಕತ್ತೀರಿ!"

ಕಾನ್‌ಸ್ಟೇಬಲ್ ಬೇಡಿಕೆ

ನಿಷೇಧದ ವಿರುದ್ಧ ನಮ್ಮ ಬೀದಿಯಲ್ಲೇ ಪ್ರತಿಭಟನೆ ಮಾಡಲು ಅನುಮತಿ ಕೇಳಿ ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್, "ಇಲ್ಲಿ ಆಗಲ್ಲ, ಪ್ರತಿಭಟನೆ ಏನಿದ್ರೂ ಫ್ರೀಡಂ ಪಾರ್ಕಲ್ಲಿ, ಅಲ್ಲಿಗೆ ಹೋಗಿ" ಎಂದರು.

"ಚರಂಡಿ ಇರೋದು ಇಲ್ಲಿ ಸಾರ್. ಅದನ್ನೂ ಹೊತ್ಕೊಂಡು ಹೋಗ್ಲಾ?"

"ಭಾಷಣ ಬೇಡ."

ಬೇಡ ಎಂದರೆ ಬಿಡುವ ಜಾಯಮಾನ ನನ್ನದಲ್ಲ. ಆ ಕಂಪನಿಯೇನು ಸಾಚಾ ಅಲ್ಲ, ನಮ್ಮ ಮಾಹಿತಿ ಕದ್ದರೆ ಹಿಡಿದು ಒಳಗೆ ಹಾಕಿ. ಕಳ್ಳ ಅವನಾದರೆ ಬಾಯಿ ಹೊಲಿಸಿಕೊಳ್ಳಬೇಕಾದವಳು ನಮ್ಮ ಬೀದಿಯ ಹೆಂಗಸೇಕೆ? ಇಷ್ಟು ಹೇಳಿದ್ದಕ್ಕೆ ನನ್ನನ್ನು ಹೊರಗೆ ಕಳಿಸಿದರು.

ಗೇಟಿನವರೆಗೆ ಬಿಡಲು ಬಂದ ದಪ್ಪ ಮೀಸೆಯ ಕಾನ್‌ಸ್ಟೇಬಲ್ ಆಚೀಚೆ ನೋಡಿ ಪಿಸುಗುಟ್ಟಿದ: "ಅಣ್ಣ, ಆ ಆ್ಯಪಲ್ಲಿ ನಾನೂ ಡ್ಯಾನ್ಸ್ ಹಾಕ್ತಿದ್ದೆ. ಘೋಷಣೆ ಕೂಗುವಾಗ ನನ್ನ ಪರವಾಗಿ ಎರಡು ಜಾಸ್ತಿ ಕೂಗಿ. ಆಮೇಲೆ ನಾನೇ ಬಂದು ವ್ಯಾನ್ ಹತ್ತಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಈರುಳ್ಳಿ, ಟೊಮೇಟೊ, ಚರಂಡಿ

ಕೊನೆಗೆ ದಾರಿ ಹುಡುಕಿದ್ದು ಆ ರಾಯಚೂರಿನವಳೇ. ಅವಳ ಪಕ್ಕದ ಮನೆಯವನು ತರಕಾರಿ ಗಾಡಿ ತಳ್ಳುತ್ತಾನೆ. ಅವನು ಕೂಗುವುದಿಲ್ಲ, ರೆಕಾರ್ಡ್ ಮಾಡಿಟ್ಟ ಸ್ಪೀಕರೇ ಕೂಗುತ್ತದೆ. ಅದರೊಳಗೆ ಇವಳೂ ದನಿ ಸೇರಿಸಿದಳು. ಬೆಳಿಗ್ಗೆ ಗಾಡಿ ಬಸವೇಶ್ವರನಗರಕ್ಕೆ, ವಾರ್ಡ್ ಎಂಜಿನಿಯರ್ ಮನೆಯ ಬೀದಿಗೆ ಹೋಯಿತು. ಹಿಂದೆ ನಾನೂ ಹೋದೆ.

"ಈರುಳ್ಳಿ, ಟೊಮೇಟೊ, ಬೀನ್ಸ್! ಕಾಮಾಕ್ಷಿಪಾಳ್ಯದಾಗ ಗಟಾರ ತುಂಬೇತ್ರಿ ಎಂಜಿನಿಯರ್ ಸಾಹೇಬ್ರ, ಮನಿಯೊಳಗ ನೀರು ಬಂದೈತ್ರಿ! ಈರುಳ್ಳಿ, ಟೊಮೇಟೊ..."

ಎಂಜಿನಿಯರ್ ಬನಿಯನ್ನಲ್ಲೇ ಓಡಿ ಬಂದರು. "ನಿಲ್ಲಿಸ್ತೀಯೋ ಪೊಲೀಸ್ ಕರೀಲೋ?"

ಗಾಡಿಯವನು ಹೇಳಿದ: "ಇರೋದು ಒಂದೇ ಬಟನ್ ಸಾರ್. ಚರಂಡಿ ನಿಲ್ಸಿದ್ರೆ ಈರುಳ್ಳಿನೂ ನಿಲ್ಲುತ್ತೆ."

"ಕರೀರಿ ಸಾರ್," ಎಂದೆ ನಾನು. "ಗಾಡಿ ಇವನದು, ಟೊಮೇಟೊ ಕೋಲಾರದ್ದು, ಚರಂಡಿ ನಿಮ್ಮದು. ಇದರಲ್ಲಿ ವಿದೇಶಿ ಕೈವಾಡ ಎಲ್ಲಿದೆ?"

ಅಷ್ಟರಲ್ಲಿ ಮಹಡಿಯಿಂದ ಅವರ ಹೆಂಡತಿ ಕೂಗಿದರು: "ಅರ್ಧ ಕೆಜಿ ಬೀನ್ಸ್ ಕೊಡಪ್ಪ. ಹಾಗೇ ಆ ಚರಂಡಿದು ಇನ್ನೊಂದ್ಸಲ ಹಾಕು. ನಮ್ಮನೆಯವರಿಗೆ ಒಂದೇ ಸಲ ಹೇಳಿದ್ರೆ ತಲೆಗೆ ಹೋಗಲ್ಲ!"

ಮಾರನೇ ದಿನವೇ ಚರಂಡಿ ಬಳಿಯುವ ಯಂತ್ರ ಬಂತು. ಹೊಸ್ತಿಲ ನೀರು ಇಳಿಯಿತು. ಜೊತೆಗೆ ಬಂದ ಎಂಜಿನಿಯರ್ ಅವಳಿಗೆ ಕೈಮುಗಿದು ಕೇಳಿದರು: "ಇನ್ನಾದ್ರೂ ಅದನ್ನ ತೆಗೀಮ್ಮ."

"ನನ್ನದು ತೆಗೀತೀನ್ರಿ ಸಾಹೇಬ್ರ," ಎಂದಳು. "ಆದ್ರ ಸ್ಪೀಕರ್ ಬಂದ್ ಮಾಡಬ್ಯಾಡ ಅಂತ ನಿಮ್ಮನಿ ಅಕ್ಕಾರು ಹೇಳ್ಯಾರ. ನಿಮ್ಮ ಅಡಗಿಮನಿ ನಲ್ಲಿ ಸೋರಾಕತ್ತೈತಂತ. ನಾಳೆಯಿಂದ ಅದನ್ನ ಕೂಗಸ್ಬೇಕಂತ."