ಸರಕಾರಕ್ಕೆ ಕ್ಷೇಮಸಮಾಚಾರ

ಸರಕಾರದ ಯೋಗಕ್ಷೇಮವನ್ನು ತಪ್ಪದೆ ವಿಚಾರಿಸುವ ಪ್ರಜೆ ಈ ದೇಶದಲ್ಲಿ ಒಬ್ಬನೇ ಇದ್ದಾನೆ. ಅವನೇ ಸಿಂಧನೂರಿನ ನಮ್ಮ ಕಾಕಾ. ನಗುತ್ತೀರಾ? ನಗಿ! ಅವನು ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಒತ್ತಿ ಒತ್ತಿ ಹೆಬ್ಬೆರಳು ಸವೆಸಿಕೊಂಡ ನಾನು ಮಾತ್ರ ನಗಲಾರೆ.

ಇಲಾಖೆಯೊಂದು ಬ್ಲಾಗು ತೆರೆದಿದೆ. ‘ಹಳ್ಳಿಗಳಿಗೆ ಬಸ್ಸು ಹೇಗಿರಬೇಕು? ನೀತಿ ರೂಪಿಸುತ್ತಿದ್ದೇವೆ, ಅಭಿಪ್ರಾಯ ಬರೆಯಿರಿ’ ಎಂದು ಕೇಳಿ, ಕೆಳಗೊಂದು ಪುಟ್ಟ ಚೌಕ ಬಿಟ್ಟಿದೆ. ಕಾಕಾನಿಗೆ ಬೇಕಾದದ್ದು ಒಂದೇ: ಪಾಮನಕಲ್ಲೂರಿನಿಂದ ಸಿಂಧನೂರಿಗೆ ನೇರವಾಗಿ ಬರುತ್ತಿದ್ದು, ಈಗ ನಿಂತುಹೋಗಿರುವ ಬಸ್ಸು. ಪಾಮನಕಲ್ಲೂರಿನಲ್ಲಿ ಅವನ ಅಕ್ಕ, ಅಂದರೆ ನನ್ನ ಅತ್ತೆ ಇದ್ದಾಳೆ. ನಾಗರಪಂಚಮಿಯ ಜೋಕಾಲಿ ಆಡಲು ಆಕೆ ತವರಿಗೆ ಬರಬೇಕು. ಕಾರು ಹತ್ತಿದರೆ ವಾಂತಿ, ಬೈಕು ಹತ್ತಿದರೆ ನಡುನೋವು, ಮಸ್ಕಿಯಲ್ಲಿ ಇಳಿದು ಬಸ್ಸು ಬದಲಿಸಲು ಮೊಣಕಾಲು ಒಪ್ಪವು. ಫೋನು ಮಾಡೋಣವೆಂದರೆ ಕಿವಿ ಮಂದ.

“ಬಸ್ಸಿನ ವಿಚಾರ ಹೇಳು ಕಾಕಾ, ಬರಿತೀನಿ” ಎಂದೆ.

“ತಡಿಲೇ! ಕ್ಷೇಮ ಕೇಳದ ಕೆಲಸ ಹೇಳಿದ್ರ ಮಂದಿ ಏನಂತಾರ?”

‘ಇತ್ತ ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು. ಕಾಲುವೆಗೆ ನೀರು ಬಂದಿದೆ. ಎಮ್ಮೆ ಈದಿದೆ, ಹೆಣ್ಣುಗರು...’ ಚೌಕ ತುಂಬಿತು! ಬಸ್ಸಿಗೆ ಜಾಗವೇ ಇಲ್ಲ. ಕಳಿಸಿದೊಡನೆ ಉತ್ತರ: ‘ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು. ಪರಿಶೀಲಿಸಲಾಗುವುದು. ಇಂತಿ, ಅಡ್ಮಿನ್.’

“ನೋಡ್ಲೇ! ನಮ್ಮ ಎಮ್ಮೀನ ಪರಿಶೀಲನಾ ಮಾಡ್ತಾರಂತ!”

ನಾಲ್ಕನೆಯ ಕಂತಿನಲ್ಲಿ ಹೇಗೋ ಬಸ್ಸು ನುಸುಳಿತು. ಉತ್ತರ ಅದೇ. ಇಷ್ಟು ಮರ್ಯಾದಸ್ಥ ಮನುಷ್ಯನನ್ನು ಕಾಣದೆ ಇರುವುದುಂಟೆ? ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಉಂಡಿ ತುಂಬಿಕೊಂಡು ಕಾಕಾ ನನ್ನನ್ನೂ ಎಳೆದುಕೊಂಡು ಲಿಂಗಸುಗೂರಿನಲ್ಲಿರುವ ಆ ಇಲಾಖೆಯ ಕಚೇರಿಗೆ ಹೊರಟ.

“ಅಡ್ಮಿನ್ ಸಾಹೇಬ್ರು ಅದಾರೇನ್ರಿ?”

ಗುಮಾಸ್ತರು ತಲೆ ಎತ್ತದೆ ಹೇಳಿದರು: “ಇಲ್ಲಿ ಹಂಗಂತ ಯಾರೂ ಇಲ್ರಿ ಯಜಮಾನ್ರ. ಅದು ಬೆಂಗಳೂರಾಗಿನ ಕಂಪ್ಯೂಟರ್. ಯಾರ್ ಏನ್ ಬರದ್ರೂ ಧನ್ಯವಾದ ಅಂತೈತಿ.”

“ಹಂಗಾರ ಮಷೀನಿಗೇ ಮರ್ಯಾದಿ ಜಾಸ್ತಿ ಬಿಡ್ರಿ! ನೀವು ನನ್ನ ಕುಂಡ್ರು ಅಂತನೂ ಅನ್ನಲಿಲ್ಲ.”

ಕುರ್ಚಿ ತಕ್ಷಣ ಬಂತು. ಗುಮಾಸ್ತರು ಎರಡು ಉಂಡಿ ತಿಂದರು. ಬಸ್ಸು ಮಾತ್ರ ಬರಲಿಲ್ಲ.

ಹಬ್ಬಕ್ಕೆ ಎರಡು ದಿನ ಇತ್ತು. ಬ್ಲಾಗು ತೆರೆದರೆ, ಕಾಕಾನ ಎಮ್ಮೆಯ ಕೆಳಗೆ ಯಾರೋ ಬರೆದಿದ್ದರು. ಊರಿನ ಹೆಸರು ಕಂಡು ಅತ್ತೆಯ ಮೊಮ್ಮಗಳು ಆಕೆಗೆ ಎಲ್ಲ ಕಂತುಗಳನ್ನೂ ತೋರಿಸಿದ್ದಳಂತೆ. ಅತ್ತೆ ಹೇಳಿದ್ದನ್ನು ಹೇಳಿದಂತೆಯೇ ಒತ್ತಿದ್ದಳು. ನಾನು ಗಟ್ಟಿಯಾಗಿ ಓದಿದೆ:

‘ತಮ್ಮಾ, ನಿನ್ನ ಕ್ಷೇಮ ಎಲ್ಲಾ ನನಗ ಮುಟ್ಟೈತಿ. ಎಮ್ಮಿ ಈದದ್ದು ಕೇಳಿ ಗಿಣ್ಣ ತಿನ್ನಂಗ ಆಗೈತಿ. ಈ ಸಲ ಬರಾಕ ಮೊಣಕಾಲು ಒಲ್ಲೆ ಅಂತಾವ. ಸರಕಾರಕ್ಕ ಬೇಜಾರು ಮಾಡಬ್ಯಾಡ. ಜೋಕಾಲಿ ಕಟ್ಟೀಯೇನು?’

ಕಾಕಾ ಉತ್ತರ ಬರೆಯಲು ಹೇಳಿದ. ನಾನು ರೂಢಿಯಂತೆ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಶುರುಮಾಡಿದೆ.

“ಅದು ಬ್ಯಾಡ. ‘ಕಟ್ಟೀನಿ ಅಕ್ಕಾ’ ಅಂತ ಬರಿ. ಸಾಕು.”

ಮೊದಲ ಸಲ ಚೌಕದಲ್ಲಿ ಜಾಗ ಉಳಿಯಿತು. ಕಾಕಾ ಎದ್ದು ಅಂಗಳಕ್ಕೆ ಹೋದ. ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದ; ಆಮೇಲೆ, ಯಾರೋ ಕೂತಿದ್ದಾರೆಂಬಂತೆ, ಮೆಲ್ಲಗೆ ತೂಗಿದ.